ಕದಡು ಬೇರೆ, ಬಣ್ಣ ಬೇರೆ

ಇಪ್ಪತ್ತಾರು ವರ್ಷದಿಂದ ನನ್ನ ಕೆಲಸ
ಗಾಜಿನ ನಳಿಗೆಯಲ್ಲಿ ನೀರು ಹಿಡಿದು
ಬೆಳಕಿಗೆ ಎತ್ತಿ ನೋಡುವುದು.
ಭಾಂಡೂಪಿನ ಗುಡ್ಡದಡಿ, ನೀರು ಸೋಸುವಲ್ಲಿ,
ಲ್ಯಾಬ್ ಅಟೆಂಡೆಂಟ್, ಎರಡನೇ ಪಾಳಿ.
ಬಂದದ್ದು ಬಂದ ಹಾಗೆ ಮುಂದಕ್ಕೆ ಹೋಗಬಾರದು:
ಪಟಿಕ ಹಾಕು, ಮಡ್ಡಿ ಇಳಿಸು, ಮರಳಲ್ಲಿ ಹಾಯಿಸು,
ಕ್ಲೋರಿನ್ ಬಿಡು, ರಿಜಿಸ್ಟರಿನಲ್ಲಿ ಬರೆ:
ಬಣ್ಣ ಇಲ್ಲ. ವಾಸನೆ ಇಲ್ಲ. ರುಚಿ ಇಲ್ಲ.
ಮೂರು ಸಲ ಇಲ್ಲ ಎಂದು ಬರೆದು, ಸಹಿ ಹಾಕಿ
ಮನೆಗೆ ಬರುತ್ತೇನೆ.

ಮನೆಯಲ್ಲಿ, ಫ್ರಿಜ್ಜಿನ ಪಕ್ಕದ ಸ್ಟೂಲಿನ ಮೇಲೆ
ಎರಡಡಿ ಗಾಜಿನ ಪೆಟ್ಟಿಗೆ,
ಒಳಗೆ ಹಾಲು ಹಾಕದ ಚಹದ ಬಣ್ಣದ ನೀರು.
"ಊರಿಗೆಲ್ಲ ತಿಳಿನೀರು ಕೊಟ್ಟು
ಮನೆಯಲ್ಲಿ ಇದೇನು ಬಚ್ಚಲು?" ಅಂದಳು ಸುಗಂಧಿ
ಮೊದಲ ವಾರ.
ಎರಡನೇ ವಾರ ಏನೂ ಅನ್ನಲಿಲ್ಲ. ಅದು ಇನ್ನೂ ಕಷ್ಟ.

ಎಲೆ ಹೇಳಿಕೊಟ್ಟವನು ಕುರ್ಲಾದ ನಸ್ರು.
ರೆಕ್ಕೆ ಕೊಳೆತ ಫೈಟರ್ ಮೀನೊಂದನ್ನು
"ದುಡ್ಡು ಬೇಡ, ಸತ್ತರೆ ನಿಮ್ಮಲ್ಲೇ ಸಾಯಲಿ" ಎಂದು
ರಬ್ಬರ್ ಬಿಗಿದ ಚೀಲದಲ್ಲಿ ಕೊಟ್ಟ.
ಲೋಕಲ್ಲಿನಲ್ಲಿ ಶರ್ಟಿನೊಳಗೆ ಹಿಡಿದು ತಂದೆ,
ಎದೆಗೆ ತಾಗಿ ಅಲುಗುವ ಎರಡು ಗುಟುಕು ನೀರು.
ಘಾಟ್‌ಕೋಪರಿನಲ್ಲಿ ಜನ ಒತ್ತಿದಾಗ "ಮೀನಿದೆ" ಅಂದೆ.
ಮೂಗು ಮುಚ್ಚಿಕೊಂಡು ಜಾಗ ಬಿಟ್ಟರು.

"ಬಾದಾಮಿ ಎಲೆ ಹಾಕಿ," ಅಂದಿದ್ದ, "ಡಬ್ಬಿಯ ಬಾದಾಮಿಯಲ್ಲ,
ಬಾವಲಿ ಕಚ್ಚಿ ಬಿಸಾಡುತ್ತದಲ್ಲ, ಅದು."

ಕ್ವಾರ್ಟರ್ಸಿನ ಹಿಂದೆ ಅಂಥ ಮರ ಮೂರು.
ಬೆಳಿಗ್ಗೆ ಐದೂವರೆಗೆ ಹೋಗಬೇಕು,
ಪಾರೂಬಾಯಿಯ ಪೊರಕೆಗಿಂತ ಮುಂಚೆ.
ಹಸಿ ಬೇಡ. ಅರೆಗೆಂಪೂ ಬೇಡ.
ತಾನಾಗಿ ಬಿದ್ದು, ತಾನಾಗಿ ಒಣಗಿ,
ಮುರಿದರೆ ಹಪ್ಪಳದ ಸದ್ದು ಬರಬೇಕು.
ಗುಟ್ಕಾ ಉಗುಳಿದ್ದು ಬೇಡ, ಸ್ಕೂಟರಿನ ಎಣ್ಣೆ ಕುಡಿದದ್ದು ಬೇಡ.
ಬೇಡ ಬೇಡವೆನ್ನುತ್ತ ಕೊನೆಗೆ
ಕೈಯಲ್ಲಿ ಉಳಿಯುವುದು ನಾಲ್ಕೋ ಐದೋ.
"ಔಷಧಿಗಾ, ಪೂಜೆಗಾ?" ಕೇಳಿದಳು ಪಾರೂಬಾಯಿ ಒಂದು ದಿನ.
"ಮೀನಿಗೆ."
ಪೊರಕೆ ನಿಲ್ಲಿಸಿ ಯೋಚಿಸಿದಳು.
ಮರುದಿನದಿಂದ ಮರದ ಬುಡದಲ್ಲಿ, ಕಲ್ಲಿನಡಿ,
ಆರಿಸಿಟ್ಟ ಎಲೆಯ ಕಟ್ಟು,
ತೊಟ್ಟುಗಳೆಲ್ಲ ಒಂದೇ ಕಡೆಗೆ.

ನಲ್ಲಿಯ ನೀರನ್ನು ಬಕೆಟ್ಟಿನಲ್ಲಿ ದಿನವಿಡೀ ತೆರೆದಿಡಬೇಕು.
ಹಗಲು ನಾನೇ ಬೆರೆಸಿ ಕಳಿಸಿದ ಕ್ಲೋರಿನ್
ರಾತ್ರಿ ನನ್ನದೇ ಅಡುಗೆಮನೆಯಲ್ಲಿ
ಮೆಲ್ಲಗೆ ಎದ್ದು ಕಿಟಕಿಯಿಂದ ಹೊರಟುಹೋಗುತ್ತದೆ.
ಸಾಹೇಬರಿಗೆ ಹೇಳಿಲ್ಲ.

ಎಲೆ ಎರಡು ದಿನ ತೇಲುತ್ತದೆ, ಮುಳುಗಲೊಲ್ಲದು.
ಮೂರನೇ ದಿನ ಒಂದಂಚು ಬಾಗಿ
ಕುರ್ಚಿ ಹುಡುಕುವ ಮುದುಕನ ಹಾಗೆ ತಳ ಮುಟ್ಟುತ್ತದೆ.
ಆಮೇಲೆ ಬಿಡುವುದು ಬಣ್ಣ.
ಕೆರೆಯಲ್ಲಿದ್ದಾಗ ಈ ನೀರಿನ ಮೈಬಣ್ಣವೂ ಇದೇ,
ಜೂನಿನಲ್ಲಿ ಬರುವುದನ್ನು ನೋಡಿದ್ದೇನೆ.
ಅದನ್ನು ಕಳೆಯುವುದಕ್ಕೇ ನನಗೆ ಸಂಬಳ.

ಮೇಲೆ ಅಂತರಗಂಗೆ, ಬೇರಿನ ಗಡ್ಡ ಇಳಿಬಿಟ್ಟು;
ಹಿಂದೆ ಹುಲ್ಲಿನಂಥ ಗಿಡ, ನಸ್ರುವಿಗೂ ಹೆಸರು ತಿಳಿಯದ್ದು;
ಅದರ ಜೊತೆ ಟಿಕೆಟ್ಟಿಲ್ಲದೆ ಬಂದ ಒಂದು ಬಸವನಹುಳು,
ಈಗ ಎಣಿಸುವುದು ಬಿಟ್ಟಿದ್ದೇನೆ.
ಎಲೆಯ ಮಾಂಸವನ್ನು ಅವು ಮುಗಿಸಿದ ಮೇಲೆ
ಉಳಿಯುವುದು ಬರೀ ನರಗಳ ಬಲೆ:
ನಮ್ಮ ಆಫೀಸಿನ ಗೋಡೆಯ ಮೇಲಿನ
ಊರಿನ ಪೈಪುಗಳ ನಕ್ಷೆ.

ಮೊನ್ನೆ ರಾತ್ರಿ ಪಾಳಿಯ ನಡುವೆ ಫೋನು.
"ನಿಮ್ಮ ಮೀನು ನೊರೆ ಕಾರುತ್ತಿದೆ," ಸುಗಂಧಿಯ ದನಿ ನಡುಗಿತ್ತು,
"ಎಲೆಯ ಕೆಳಗೇ. ಸಾಯುತ್ತದಾ?"
"ಗೂಡು ಅದು," ಅಂದೆ.
ಆಚೆಯಿಂದ ಮಾತಿಲ್ಲ; ಫ್ರಿಜ್ಜಿನ ಗುಂಯ್ ಕೇಳುತ್ತಿತ್ತು.

ಹನ್ನೆರಡಕ್ಕೆ ಬಂದಾಗ ದೀಪ ಆರಿಸಿ
ನೆಲದ ಮೇಲೆ ಕೂತಿದ್ದಳು, ಟಾರ್ಚಿಗೆ ಸೆರಗು ಮುಚ್ಚಿ,
ಅದಕ್ಕೆ ಕಣ್ಣು ಕುಕ್ಕದಿರಲೆಂದು.
ಗಂಡು ಮೀನು, ಹೆಣ್ಣಿಲ್ಲ, ಮೊಟ್ಟೆಯಿಲ್ಲ,
ಆದರೂ ಒಂದೊಂದೇ ಗುಳ್ಳೆ ತಂದು ಅಂಟಿಸುತ್ತಿತ್ತು,
ಹರಿದ ರೆಕ್ಕೆ ಅರ್ಧ ಬೆಳೆದಿತ್ತು.

ಜೇಬಿನಲ್ಲಿದ್ದ ನಳಿಗೆ ತೆಗೆದು
ಆ ನೀರು ತುಂಬಿ ಟಾರ್ಚಿಗೆ ಹಿಡಿದೆ. ಅಭ್ಯಾಸಬಲ.
ಕದಡು: ಇಲ್ಲ.
ಬಣ್ಣ: ಇದೆ.
ವಾಸನೆ: ಇದೆ, ಸ್ವಲ್ಪ.
ರುಚಿ?
"ಅದನ್ನೇ ಕೇಳಿ," ಅಂದಳು ಸುಗಂಧಿ,
ಗಾಜಿಗೆ ಹಣೆ ಹಚ್ಚಿ.